ಪದಚರ್ಚೆ: ‘ಲಿವಿಂಗ್ ವೇಜ್’ಗೆ ಕನ್ನಡದಲ್ಲಿ ಏನೆನ್ನೋಣ? (ಸಂಜೆ ಆರರೊಳಗೆ ಬೇಕು)

(ಕನ್ನಡ ಪದಗಳನ್ನು ಚರ್ಚಿಸುವ ಬಳಗದ ಪತ್ರಗಳು. ಬರೆದವರನ್ನು ಅವರ ಬಡಾವಣೆಯ ಹೆಸರಿನಿಂದ ಗುರುತಿಸಿದೆ.)

ಯಶವಂತಪುರ, ಬೆಳಿಗ್ಗೆ 9:40

ಬಳಗದ ಎಲ್ಲರಿಗೂ ನಮಸ್ಕಾರ.

ಭಾನುವಾರ ಪೀಣ್ಯದಲ್ಲಿ ಒಂದು ಚರ್ಚಾಕೂಟ ಇಟ್ಟುಕೊಂಡಿದ್ದೇವೆ. ಕನಿಷ್ಠ ವೇತನ ಇನ್ನೂ ಏರಬೇಕೇ, ಏರಿದರೆ ಕಾರ್ಖಾನೆಗಳು ಗಂಟು ಕಟ್ಟಿಕೊಂಡು ಬೇರೆ ರಾಜ್ಯಕ್ಕೆ ಹೋಗುತ್ತವೆಯೇ, ಸರ್ಕಾರ ಮನೆಗೆ ಹಾಕುವ ದುಡ್ಡನ್ನು ಸಂಬಳದ ಲೆಕ್ಕದಲ್ಲಿ ಹಿಡಿಯಬಹುದೇ ಎಂಬುದು ವಿಷಯ. ಬರುವವರಲ್ಲಿ ಮುಕ್ಕಾಲು ಪಾಲು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ವೇದಿಕೆ ಹಿಂದೆ ಕಟ್ಟುವ ಬಟ್ಟೆ ಬ್ಯಾನರಿನಲ್ಲಿ ಕೆಳಗಿಂದ ಮೇಲಕ್ಕೆ ಮೂರು ಮೆಟ್ಟಿಲು ಬರೆಸಬೇಕು: ಫ್ಲೋರ್ ವೇಜ್ (ಕನಿಷ್ಠ ವೇತನ ಇಳಿಯಬಾರದೆಂದು ಕೇಂದ್ರ ಎಳೆಯುವ ಗೆರೆ), ಮಿನಿಮಮ್ ವೇಜ್, ಲಿವಿಂಗ್ ವೇಜ್ (ಕುಟುಂಬ ನೆಮ್ಮದಿಯಿಂದ ಬಾಳಲು ಸಾಕಾಗುವ ಸಂಬಳ). ನಡುವಿನದಕ್ಕೆ ‘ಕನಿಷ್ಠ ವೇತನ’ ಇದ್ದೇ ಇದೆ. ಮೊದಲನೆಯದು, ಕೊನೆಯದು ಎರಡೂ ತಗಲಿಕೊಂಡಿವೆ.

ಕೊನೆಯದಕ್ಕೆ ‘ಜೀವನ ವೇತನ’ ಎಂದು ಬರೆದೆ. ಅದನ್ನು ಓದಿದ ಹೆಲ್ಪರ್ ಒಬ್ಬರು ‘ಇದು ಪೆನ್ಷನ್ನಾ ಮೇಡಂ, ಬದುಕಿರೋತನಕ ಬರೋದು?’ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ, ಆ ಪದ ಹಾಗೇ ಕೇಳಿಸುತ್ತದೆ. ‘ಕಾಸ್ಟ್ ಆಫ್ ಲಿವಿಂಗ್’ಗೂ ಒಂದು ಒಳ್ಳೆಯ ಪದ ಹೇಳಿ, ‘ಬೆಲೆ ಏರಿಕೆ’ ಅಂದರೆ ಸಾಕೇ? ಪೇಂಟರ್ ಸಂಜೆ ಆರಕ್ಕೆ ಬರುತ್ತಾರೆ. ಬಟ್ಟೆಯ ಅಗಲ ಎಂಟಡಿ, ಉದ್ದದ ಪದ ಹಿಡಿಯುವುದಿಲ್ಲ.

ಬಸವನಗುಡಿ, 10:15

ಜೀವನಾರ್ಹ ವೇತನ. ಫ್ಲೋರ್ ವೇಜ್‌ಗೆ ಆಧಾರ ವೇತನ. ಕಾಸ್ಟ್ ಆಫ್ ಲಿವಿಂಗ್, ಜೀವನ ವೆಚ್ಚ. ಯಾರಾದರೂ ‘ಕನಿಷ್ಠ ಕೂಲಿ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ವೇದಿಕೆಯ ಮೇಲೆ ಬರೆಸುವ ಪದ ಸಾವಿರ ಜನರ ಕಣ್ಣಿಗೆ ಬೀಳುತ್ತದೆ, ಕೆಟ್ಟ ರೂಪ ಅಲ್ಲಿಂದಲೇ ಹರಡುವುದು.

ವಿಜಯನಗರ, 10:50

ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ‘ಜೀವನಾರ್ಹ’ ಓದಿ ತೋರಿಸಿ ಬನ್ನಿ, ಆಮೇಲೆ ಮಾತಾಡೋಣ. ಅರ್ಕಾವತ್ತು, ದೀರ್ಘ, ಮಹಾಪ್ರಾಣವಿಲ್ಲದಿದ್ದರೂ ಮಹಾಭಾರ.

ಕೂಲಿ ನಮ್ಮದು. ತಮಿಳಿನಲ್ಲೂ ಇದೆ, ಮಲಯಾಳದಲ್ಲೂ ಇದೆ, ದ್ರಾವಿಡ ಬೇರಿನ ಪದ. ದಿನಗೂಲಿ ಎಂಬ ಸೊಗಸಾದ ಪದವನ್ನು ಜನ ತಾವೇ ಕಟ್ಟಿಕೊಂಡರು, ಕಕಾರ ಗಕಾರವಾಗುವುದನ್ನು ಅವರಿಗೆ ಯಾವ ಪಂಡಿತರೂ ಹೇಳಿಕೊಡಲಿಲ್ಲ. ಅದೇ ಅಚ್ಚಿನಲ್ಲಿ ತಳಗೂಲಿ, ಬಾಳುಗೂಲಿ. ಎಂಟಡಿ ಬಟ್ಟೆಯಲ್ಲಿ ಆನೆಯಷ್ಟು ದಪ್ಪ ಅಕ್ಷರದಲ್ಲಿ ಕೂರುತ್ತವೆ. ಇನ್‌ಫ್ಲೇಶನ್‌ಗೆ ‘ಮುದ್ರಾಸ್ಫೀತಿ’ ಎಂದು ಕುಳಿತಿದ್ದರೆ ಇವತ್ತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ‘ಹಣದುಬ್ಬರ’ ಅಂದಿದ್ದರಿಂದ ಪತ್ರಿಕೆ ಓದುವ ಪ್ರತಿಯೊಬ್ಬರ ಬಾಯಲ್ಲೂ ಇದೆ. ಕನ್ನಡದ್ದೇ ಪದ ಕಟ್ಟಿದರೆ ನಿಲ್ಲುತ್ತದೆ.

ಬಸವನಗುಡಿ, 11:05

‘ಬಾಳುಗೂಲಿ’ ಯಾವ ನಿಘಂಟಿನಲ್ಲೂ ಇಲ್ಲ. ಮುಗಿಯಿತು.

ನಾಗರಬಾವಿ, 11:30

ನಾನು ಧಾರವಾಡದ ಕಡೆಯವನು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆತು. ನಮ್ಮಲ್ಲಿ ತಿಂಗಳಿಗೆ ಬರೋದು ಪಗಾರ, ದಿನಕ್ಕೆ ಬರೋದು ಕೂಲಿ. ಪಗಾರ ಪೋರ್ಚುಗೀಸರ ಪದ. ಮರಾಠಿ ಮೂಲಕ ಬಂದು ನಮ್ಮ ಮನಿಯೊಳಗ ಕುಂತದ. ಅದನ್ನ ಯಾರೂ ಹೊರಗಿನದು ಅನ್ನಂಗಿಲ್ರೀ. ‘ತುಟ್ಟಿಭತ್ಯೆ’ ನೋಡ್ರಿ, ಬೆಲೆ ಏರಿದ್ದಕ್ಕ ಸಂಬಳದ ಜೋಡಿ ಕೊಡೋ ಡಿಎ. ಬೆಂಗಳೂರಾಗ ಟೊಮೆಟೊ ‘ದುಬಾರಿ’, ‘ತುಟ್ಟಿ’ ಅನ್ನೋ ಮಾತು ಅಪರೂಪ. ಆದರ ವಿಧಾನಸೌಧದಿಂದ ಪೀಣ್ಯದ ತನಕ ಡಿಎ ಅಂದರ ತುಟ್ಟಿಭತ್ಯೆನ. ನಮ್ಮ ಕಡೆಯ ಪದ ಇಡೀ ರಾಜ್ಯದ ಸಂಬಳ ಚೀಟಿ ಮ್ಯಾಲೆ ಕುಂತದ. ಕಾಸ್ಟ್ ಆಫ್ ಲಿವಿಂಗ್‌ಗೂ ಆ ‘ತುಟ್ಟಿ’ಯಿಂದನ ಏನಾರ ಹೊಂದಸ್ರಿ.

ರಾಜಾಜಿನಗರ, ಮಧ್ಯಾಹ್ನ 1:20

ಕೇಳಿದವರಿಗೆ ಆರು ಗಂಟೆಯ ಗಡುವಿದೆ, ನಾವು ಪದದ ಜಾತಕ ಬರೆಯುತ್ತಿದ್ದೇವೆ. ಕಾರ್ಮಿಕ ಕಾನೂನಿನ ನೋಟಿಸುಗಳನ್ನು ಕನ್ನಡಕ್ಕೆ ತರುವುದು ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ಮೊದಲು ‘ಕನಿಷ್ಠ ವೇತನ’ವನ್ನು ಯಾರೂ ಮುಟ್ಟಬೇಡಿ. 1948ರ ಕನಿಷ್ಠ ವೇತನ ಕಾಯ್ದೆಯಿಂದ ಹಿಡಿದು ಅದರ ಜಾಗಕ್ಕೆ ಬಂದ ಇವತ್ತಿನ ವೇತನ ಸಂಹಿತೆಯವರೆಗೆ ಅದೇ ಪದ. ಕಾರ್ಖಾನೆ ಗೋಡೆಯ ನೋಟಿಸಿನಲ್ಲಿ ಅದೇ, ಕಾರ್ಮಿಕ ಇಲಾಖೆಗೆ ದೂರು ಕೊಡುವ ಅರ್ಜಿಯಲ್ಲೂ ಅದೇ. ವೇದಿಕೆಯ ಮೇಲೆ ನೀವು ಕಿರುಗೂಲಿ ಎಂದು ಕಲಿಸಿ ಕಳಿಸಿದರೆ, ಸೋಮವಾರ ಆಕೆ ಇನ್ಸ್‌ಪೆಕ್ಟರ್ ಮುಂದೆ ನಿಂತಾಗ ಬಾಯಲ್ಲಿ ಬೇರೆ ಪದ, ಕಾಗದದಲ್ಲಿ ಬೇರೆ ಪದ. ಹಕ್ಕಿನ ಪದ ಒಂದೇ ಇರಬೇಕು.

ಫ್ಲೋರ್ ವೇಜ್‌ಗೆ ‘ಆಧಾರ ವೇತನ’ ಬೇಡ. ಈಗ ‘ಆಧಾರ’ ಅಂದರೆ ಎಲ್ಲರಿಗೂ ಕಾರ್ಡ್. ‘ಮೂಲ ವೇತನ’ವೂ ಬೇಡ, ಅದು ಬೇಸಿಕ್. ‘ತಳಗೂಲಿ’ ಅಂದರೆ ತಳದಲ್ಲಿರುವವರ ಕೂಲಿ ಎಂದು ಕೇಳಿಸುತ್ತದೆ, ನಮ್ಮ ಸಮಾಜದಲ್ಲಿ ‘ತಳ’ಕ್ಕೆ ಅಂಟಿರುವ ಅರ್ಥ ಗೊತ್ತಿದ್ದೇ ಇದೆ. ಕಾನೂನಿನ ಅರ್ಥ ಇಷ್ಟೆ: ಕೇಂದ್ರ ಒಂದು ಗೆರೆ ಎಳೆಯುತ್ತದೆ, ಯಾವ ರಾಜ್ಯವೂ ತನ್ನ ಕನಿಷ್ಠ ವೇತನವನ್ನು ಅದರ ಕೆಳಗೆ ಇಳಿಸುವಂತಿಲ್ಲ. 2017ರಲ್ಲಿ ಆ ಗೆರೆಯನ್ನು ದಿನಕ್ಕೆ 176 ರೂಪಾಯಿ ಎಂದು ಹೇಳಿದಾಗ ಅದಕ್ಕೆ ಕಾನೂನಿನ ಬಲವಿರಲಿಲ್ಲ. 2019ರ ಸಂಹಿತೆ ಆ ಬಲ ಕೊಟ್ಟಿತು, ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಆದ್ದರಿಂದ ‘ಕೆಳಮಿತಿ ವೇತನ’. ಇದೂ ಅರಿಸಮಾಸ ಎಂದು ಬಸವನಗುಡಿಯಿಂದ ಪತ್ರ ಬರುವ ಮೊದಲೇ ಉತ್ತರಿಸುತ್ತೇನೆ: ಸರ್ಕಾರಿ ಅಧಿಸೂಚನೆಯಲ್ಲಿ ದಶಕಗಳಿಂದ ‘ಅರೆಕುಶಲ’ ಇದೆ, ಅದೂ ಅರಿಸಮಾಸವೇ. ಅರಿಸಮಾಸವನ್ನು ಹಳಿದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟ. ದುಡಿಯುವವರ ಸಂಬಳ ಚೀಟಿಗೆ ಕೊಡುತ್ತಿರಲಿಲ್ಲವೇ?

ಇನ್ನು ಲಿವಿಂಗ್ ವೇಜ್. ಸಂವಿಧಾನದ 43ನೇ ವಿಧಿಯಲ್ಲಿ ಪ್ರಭುತ್ವ ಸಾಧಿಸಬೇಕೆಂದು ಹೇಳಿರುವುದು ಇದನ್ನೇ, ಕನಿಷ್ಠ ವೇತನವನ್ನಲ್ಲ. ಎರಡರ ನಡುವಿನ ದೂರವೇ ನಿಮ್ಮ ಚರ್ಚೆಯ ವಿಷಯ, ಹಾಗಾಗಿ ಪದ ಆ ದೂರವನ್ನು ತೋರಿಸಬೇಕು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೇ ಒಂದು ಅಳತೆ ಕೊಟ್ಟಿತು: ದುಡಿಯುವವರು ಒಬ್ಬರು, ತಿನ್ನುವ ಪಾಲು ಮೂರು, ಪಾಲೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ, ಇತರೆಗೆ ಶೇ 20. ಮಕ್ಕಳ ಓದು, ಆಸ್ಪತ್ರೆ, ಮದುವೆ, ಮುಪ್ಪು ಅದರಲ್ಲಿ ಇರಲಿಲ್ಲ. ಅದಕ್ಕೆಂದು ಶೇ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ, ರೆಪ್ಟಕೋಸ್ ಬ್ರೆಟ್ ಪ್ರಕರಣದ ತೀರ್ಪಿನಲ್ಲಿ. ಮಕ್ಕಳ ಓದು ಕನಿಷ್ಠದ ಲೆಕ್ಕಕ್ಕೆ ಬರಲು 34 ವರ್ಷ ಹಿಡಿಯಿತು.

ಬಾಡಿಗೆಯ ಮಾತು ಇನ್ನೂ ನೋವಿನದು. ಸಂಹಿತೆಗೆ ಕೇಂದ್ರ 2020ರಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ ಬಾಡಿಗೆಯನ್ನು ಊಟ-ಬಟ್ಟೆಯ ಖರ್ಚಿನ ಶೇ 10 ಎಂದು ಹಿಡಿದಿದ್ದರು. ಊಟ-ಬಟ್ಟೆಗೆ 12,000 ಆದರೆ ಬಾಡಿಗೆಗೆ 1,200. ಲಗ್ಗೆರೆಯಲ್ಲಿ ಆ ದುಡ್ಡಿಗೆ ಶೀಟಿನ ಮನೆಯೂ ಸಿಗುವುದಿಲ್ಲ, ಅಡ್ವಾನ್ಸ್ ಬೇರೆ. ನಿಮ್ಮ ಸಭೆಯಲ್ಲಿ ಬೇರೇನೂ ಹೇಳದಿದ್ದರೂ ಪರವಾಗಿಲ್ಲ, ಈ ಶೇ 10ನ್ನು ಹೇಳಿ.

ಹಾಗಾದರೆ ಪದ? ‘ಕೂಲಿ’ ಬೇಡ ಅನ್ನುವುದಕ್ಕೆ ನನ್ನ ಕಾರಣ ವ್ಯಾಕರಣವಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಯಾರೂ ‘ಕೂಲಿ ಬಂತು’ ಅನ್ನುವುದಿಲ್ಲ, ‘ಸಂಬಳ ಆಯ್ತು’ ಅನ್ನುತ್ತಾರೆ. ಹೊಲದ ಕೂಲಿ ಬಿಟ್ಟು ಕನಕಪುರ, ಮಾಗಡಿ ಕಡೆಯಿಂದ ಬಂದು ಅವರು ಗಳಿಸಿಕೊಂಡ ಪದ ಸಂಬಳ. ಅದನ್ನು ಕಿತ್ತು ಮತ್ತೆ ಕೂಲಿ ಎನ್ನಬೇಡಿ. ಸಂಬಳ ಅಂದರೆ ಸಂಸ್ಕೃತದಲ್ಲಿ ಮೊದಲ ಅರ್ಥ ದಾರಿಬುತ್ತಿ, ಪ್ರಯಾಣಕ್ಕೆ ಕಟ್ಟಿಕೊಡುವ ಆಹಾರ. ಲಿವಿಂಗ್ ವೇಜ್‌ನ ಆಶಯಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣುವುದಿಲ್ಲ. ‘ಬದುಕುವಷ್ಟು ಸಂಬಳ’ ಅನ್ನಿ. ಸಮಾಸವೇ ಬೇಡ.

ಕಾಸ್ಟ್ ಆಫ್ ಲಿವಿಂಗ್‌ಗೆ ‘ಬೆಲೆ ಏರಿಕೆ’ ಸಾಲದು. ಈ ವರ್ಷ ಬೆಲೆ ಏರದೇ ಇದ್ದರೂ ಬೆಂಗಳೂರಿನಲ್ಲಿ ಬದುಕಲು ಹೆಚ್ಚು ದುಡ್ಡು ಬೇಕು. ಏರಿಕೆ ಬೇರೆ, ಇರುವ ಮಟ್ಟ ಬೇರೆ. ‘ಜೀವನ ವೆಚ್ಚ’ ಇರಲಿ. ವೆಚ್ಚ ಸಂಸ್ಕೃತ ‘ವ್ಯಯ’ದ ತದ್ಭವ, ಬಸವನಗುಡಿ, ವಿಜಯನಗರ ಇಬ್ಬರಿಗೂ ಸಮಾಧಾನವಾಗಲಿ.

ಮಲ್ಲೇಶ್ವರ, 2:10

ಪದದ ಜತೆ ಹಣದ ಲೆಕ್ಕವೂ ಬಂದಿದ್ದರಿಂದ ಹೇಳುತ್ತಿದ್ದೇನೆ. ಸಂಬಳ ಕೊಡಬೇಕಾದವನು ಮಾಲೀಕ, ಸರ್ಕಾರವಲ್ಲ. ತಿಂಗಳಿಗೆ 2,000 ಗೃಹಲಕ್ಷ್ಮಿ, ಬಸ್ಸು ಪುಕ್ಕಟೆ, 200 ಯೂನಿಟ್‌ವರೆಗೆ ಕರೆಂಟು. ಇವೆಲ್ಲ ಆಯವ್ಯಯದಲ್ಲಿ ರಾಜಸ್ವ ವೆಚ್ಚದ ಕಡೆ, ಅಂದರೆ ಆಸ್ತಿ ಉಳಿಯದ ದಿನನಿತ್ಯದ ಖರ್ಚಿನ ಕಡೆ, ಹೋಗುತ್ತವೆ. ಆ ದುಡ್ಡಿನಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಿದ್ದರೆ ಬಂಡವಾಳ ವೆಚ್ಚ. ಸಂಬಳದ ಕೊರತೆಯನ್ನು ತೆರಿಗೆ ಹಣದಿಂದ ತುಂಬಿದರೆ ಮಾಲೀಕ ಸಂಬಳ ಏರಿಸುವುದೇ ಇಲ್ಲ. ಬ್ಯಾನರಿನಲ್ಲಿ ‘ಗ್ಯಾರಂಟಿ’ ಎಂಬ ಇಂಗ್ಲಿಷ್ ಬೇಡ, ಜನರ ಬಾಯಲ್ಲಿರುವ ‘ಬಿಟ್ಟಿ ಯೋಜನೆ’ ಎಂದೇ ಬರೆಸಿ. ಅಚ್ಚಗನ್ನಡ.

ರಾಜಾಜಿನಗರ, 2:35

ನಿಮ್ಮ ಮೊದಲ ಮಾತಿನ ತಿರುಳನ್ನು ಒಪ್ಪುತ್ತೇನೆ, ಅದು ಭಾನುವಾರ ಚರ್ಚೆಯಾಗಲೇಬೇಕು. ಕೊನೆಯ ಸಾಲನ್ನು ಒಪ್ಪುವುದಿಲ್ಲ.

ಬಿಟ್ಟಿ ಅಚ್ಚಗನ್ನಡವಲ್ಲ, ಸಂಸ್ಕೃತ ‘ವಿಷ್ಟಿ’ಯ ತದ್ಭವ. ವಿಷ್ಟಿ ಅಂದರೆ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ. ಕೌಟಿಲ್ಯನಲ್ಲಿ ಇದೆ, ನಮ್ಮ ಶಾಸನಗಳಲ್ಲಿ ಊರವರ ಮೇಲಿನ ಹೇರಿಕೆಗಳ ಸಾಲಿನಲ್ಲಿ ಬಿಟ್ಟಿ ಇದೆ. ‘ಬಿಟ್ಟಿ ಚಾಕರಿ’ ಅನ್ನುವಾಗ ಇವತ್ತಿಗೂ ಹಳೆಯ ಅರ್ಥ ಉಳಿದಿದೆ. ಯಾರ ಅಜ್ಜಿಯಂದಿರು ಗೌಡರ ಮನೆಯಲ್ಲಿ ಬಿಟ್ಟಿ ದುಡಿದರೋ, ಅವರ ಮೊಮ್ಮಗಳ ಖಾತೆಗೆ ಎರಡು ಸಾವಿರ ಬಂದಾಗ ಅದೇ ಪದವನ್ನು ತಿರುಗಿಸಿ ಅವಳ ಮೇಲೆ ಎಸೆಯುವುದು ನನಗೆ ಸಹಿಸಲಾಗುವುದಿಲ್ಲ. ಯೋಜನೆ ತಪ್ಪು ಅನ್ನಿ, ಸಾಲ ಹೆಚ್ಚುತ್ತದೆ ಅನ್ನಿ, ಎಷ್ಟು ಬೇಕಾದರೂ ವಾದಿಸಿ. ಈ ಪದ ಮಾತ್ರ ಬೇಡ. ಸುಮ್ಮನೆ ‘ಸರ್ಕಾರದ ಖರ್ಚು’ ಎಂದು ಬರೆಸಿದರೆ ಎರಡೂ ಪಕ್ಷದವರು ಅದರ ಕೆಳಗೆ ಕೂತು ಮಾತಾಡಬಹುದು.

ವಿಜಯನಗರ, 3:00

ಖರ್ಚು ಪಾರ್ಸಿ. ಬಜೆಟ್ ಇಂಗ್ಲಿಷ್. ಸಂಬಳ ಸಂಸ್ಕೃತ. ಕೊನೆಗೆ ಬ್ಯಾನರಿನಲ್ಲಿ ಕನ್ನಡ ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ನಾಗರಬಾವಿ, 3:10

ಪ್ರತ್ಯಯ ಉಳಿದರ ಭಾಷೆ ಉಳೀತದರೀ. 2016ರ ಏಪ್ರಿಲ್‌ನಾಗ ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಮಾಡಿದ್ರಲ್ಲ, ಅವರ ಬಾಯಾಗ ಇದ್ದದ್ದು ‘ಪಿಎಫ್’. ‘ಭವಿಷ್ಯ ನಿಧಿ’ ಅನ್ನೋ ಪದಕ್ಕ ಅವರು ಕಾಯಲಿಲ್ಲ. ಪಿಎಫ್ ದುಡ್ಡು ತಗಿಯೋದಕ್ಕ ಕಡಿವಾಣ ಹಾಕಿದ್ದ ತನ್ನ ನಿಯಮನ ಎರಡು ದಿನದಾಗ ಕೇಂದ್ರ ಸರ್ಕಾರ ವಾಪಸ್ ತಗೊಂಡ್ತು.

ಬಸವನಗುಡಿ, 3:40

ಪಿಎಫ್ ಸಂಕ್ಷೇಪ, ಪದವಲ್ಲ. ‘ಬದುಕುವಷ್ಟು ಸಂಬಳ’ ಪದವಲ್ಲ, ಪದಪುಂಜ. ಶೀರ್ಷಿಕೆಗೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬಿಟ್ಟಿ, ವಿಷ್ಟಿಯ ಬಗ್ಗೆ ರಾಜಾಜಿನಗರದವರು ಹೇಳಿದ್ದು ಸರಿ. ಹೊಯ್ಸಳ ದೊರೆ ಬಿಟ್ಟಿದೇವನ ಹೆಸರಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ, ಅದು ವಿಷ್ಣುವಿನಿಂದ ಬಂದದ್ದು. ಹಿಂದೊಮ್ಮೆ ಇದೇ ಬಳಗದಲ್ಲಿ ಆ ತಪ್ಪು ಆಗಿತ್ತು.

ಯಶವಂತಪುರ, ಸಂಜೆ 7:25

ಎಲ್ಲರಿಗೂ ಧನ್ಯವಾದ. ಬರೆಸಿದ್ದು ಹೀಗೆ: ಕೆಳಗಿನ ಮೆಟ್ಟಿಲು ‘ಕೆಳಮಿತಿ ವೇತನ’, ನಡುವೆ ‘ಕನಿಷ್ಠ ವೇತನ’, ಮೇಲೆ ‘ಬದುಕುವಷ್ಟು ಸಂಬಳ’. ಬದಿಯಲ್ಲಿ ‘ಜೀವನ ವೆಚ್ಚ’, ‘ಸರ್ಕಾರದ ಖರ್ಚು’. ವಿಜಯನಗರದ ಸರ್, ‘ಬಾಳುಗೂಲಿ’ ನನಗೂ ಹಿಡಿಸಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗೇಟಿನ ಹತ್ತಿರ ನಾಲ್ವರಿಗೆ ಎರಡನ್ನೂ ಓದಿ ಹೇಳಿದೆ. ‘ಕೂಲಿ ಅನ್ಬೇಡಿ ಮೇಡಂ’ ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಪೇಂಟರ್ ‘ಕನಿಷ್ಟ’ ಎಂದು ಬರೆದುಬಿಟ್ಟಿದ್ದರು. ಬಸವನಗುಡಿಯ ಸರ್ ನೆನಪಾದರು. ನಿಲ್ಲಿಸಿ ಠ ಒತ್ತು ಹಾಕಿಸಿದೆ. ಬಣ್ಣ ಇನ್ನೂ ಹಸಿ ಇದೆ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಭೆ, ಶೇ 10 ಬಾಡಿಗೆಯ ಲೆಕ್ಕದಿಂದಲೇ ಶುರು ಮಾಡುತ್ತೇವೆ. ಮಲ್ಲೇಶ್ವರದವರು ಬಂದು ತಮ್ಮ ವಾದ ಮಂಡಿಸಿದರೆ ಸಂತೋಷ, ಮಾತಾಡಲು ಸಮಯ ಇಡುತ್ತೇವೆ.