ಮಿಷಿಗನ್–ಒಹಾಯೊ ಸ್ಟೇಟ್ ಪಂದ್ಯಕ್ಕೆ ಹೈಸ್ಕೂಲ್ ಹುಡುಗರನ್ನು ಯಾಕೆ ಕರೆಸುತ್ತಾರೆ?

ಪ್ರಶ್ನೆ:
2021ರ ನವೆಂಬರ್ 27ರಂದು ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನಲ್ಲಿ ಮಗಳ ಜೊತೆ ಈ ಎರಡು ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡಿದೆ. ಹಿಮ ಬೀಳ್ತಿತ್ತು. ಆಟಕ್ಕೆ ಮುಂಚೆ ಅಂಗಳದ ಅಂಚಿನಲ್ಲಿ ಒಂದಷ್ಟು ಎತ್ತರದ ಹುಡುಗರು ಅಪ್ಪ ಅಮ್ಮನ ಜೊತೆ ನಿಂತಿದ್ದರು. ಒಬ್ಬ ತಾಯಿ ಮಗನ ಟೋಪಿ ಮೇಲಿನ ಹಿಮ ಒರೆಸುತ್ತಿದ್ದರು. ಮುಂದೆ ಇಲ್ಲಿಗೇ ಸೇರಬಹುದಾದ ಹುಡುಗರು ಅಂದಳು ಮಗಳು. ಇವರ ಖರ್ಚು ಯಾರದು?

ಉತ್ತರ 1:
ಎರಡು ರೀತಿ ಇದೆ ಮೇಡಂ. ಅಧಿಕೃತ ಭೇಟಿಯಾದರೆ ಪ್ರಯಾಣ, ಊಟ, ವಸತಿ ಎಲ್ಲ ಕಾಲೇಜೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಮನೆಯವರೇ ಕೈಯಿಂದ ಹಾಕಿಕೊಂಡು ಬರಬೇಕು, ಪಂದ್ಯದ ಟಿಕೆಟ್ ಮಾತ್ರ ಕಾಲೇಜು ಉಚಿತವಾಗಿ ಕೊಡಬಹುದು.

ಉತ್ತರ 2:
ನಾನು ಒಹಾಯೊ ಸ್ಟೇಟ್‌ನ ಊರಾದ ಕೊಲಂಬಸ್‌ನಲ್ಲಿದ್ದೇನೆ, ಅವತ್ತು ಸೋತಿದ್ದು ನಮ್ಮ ತಂಡ, 42–27. ಇನ್ನೂ ಹೊಟ್ಟೆ ಉರಿಯುತ್ತೆ. 2011ರ ನಂತರ ಮಿಷಿಗನ್ ನಮ್ಮನ್ನು ಸೋಲಿಸಿದ್ದು ಅದೇ ಮೊದಲು. ಅವರ ಹಸನ್ ಹ್ಯಾಸ್ಕಿನ್ಸ್ ಒಬ್ಬನೇ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಹೊಡೆದ. ಮುಗಿದ ತಕ್ಷಣ ಜನ ಅಂಗಳಕ್ಕೆ ನುಗ್ಗಿದರು. ಹದಿನೇಳರ ಹುಡುಗ ಲಕ್ಷಕ್ಕೂ ಜಾಸ್ತಿ ಜನರ ಆ ಕೂಗನ್ನು ಹತ್ತಿರದಿಂದ ಕೇಳಿದರೆ ಮನಸ್ಸು ಕರಗದೇ ಇರುತ್ತಾ? ಯಾವ ಕಾಲೇಜಿಗೆ ಸೇರುತ್ತೇವೆ ಅಂತ ಹುಡುಗರು ಸಹಿ ಹಾಕುವುದು ಆ ವರ್ಷ ಶುರುವಾಗಿದ್ದು ಡಿಸೆಂಬರ್ 15ಕ್ಕೆ. ಮೂರು ವಾರವೂ ಇರಲಿಲ್ಲ!

ಪ್ರಶ್ನೆ ಕೇಳಿದವಳು:
ಈಗ ಅರ್ಥವಾಯಿತು. ಹಾಗಾದರೆ ನಿಮ್ಮ ಊರಲ್ಲಿ ಆಡುವ ವರ್ಷ ಕರೆಸುವ ಸರದಿ ನಿಮ್ಮದು, ಅಲ್ವಾ?

ಉತ್ತರ 2:
ಹೌದು. ಅವತ್ತು ಅಂಗಳದಂಚಿನ ಹುಡುಗರೆಲ್ಲ ನಮ್ಮ ಅತಿಥಿಗಳು. ಬನ್ನಿ, ಕಾಫಿ ನಮ್ಮ ಮನೆಯಲ್ಲೇ.