‘ಡೈವರ್ಸಿಟಿ’ ಅಂದ್ರೆ ಬರೀ ‘ವೈವಿಧ್ಯ’ವಾ? ತಂಡದ ಕೆಲಸದ ಕೆಲವು ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಸೂಪರ್‌ವೈಸರ್‌ಗಳಿಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ತಂಡ ಯಾವಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಜನ ಯಾಕೆ ಬಾಯಿ ಬಿಡದೆ ಸುಮ್ಮನಾಗುತ್ತಾರೆ, ಕೆಲಸಕ್ಕೆ ಜನರನ್ನು ಆರಿಸುವಾಗ ಎಲ್ಲಿ ಎಡವುತ್ತೇವೆ, ಇವೇ ಅದರ ವಿಷಯ. ಸಂಶೋಧನೆ ಬೇಕಾದಷ್ಟಿದೆ, ಅರ್ಥ ಮಾಡಿಕೊಳ್ಳುವುದೂ ಕಷ್ಟವಲ್ಲ. ಕೈಕೊಡುತ್ತಿರುವುದು ಪದಗಳು. ನಾಲ್ಕೈದು ಕಡೆ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಸಲಹೆ ಬೇಕು.

ಮೊದಲನೆಯದು ಡೈವರ್ಸಿಟಿ. ಪತ್ರಿಕೆಯಲ್ಲಿ, ಸುತ್ತೋಲೆಯಲ್ಲಿ, ಭಾಷಣದಲ್ಲಿ ಎಲ್ಲ ಕಡೆ ಇದಕ್ಕೆ ‘ವೈವಿಧ್ಯ’ ಅಂತಲೇ ಬರೆಯುತ್ತೇವೆ. ಕೆಲವರು ‘ವೈವಿಧ್ಯತೆ’ ಅಂತ ಇನ್ನೊಂದು ಬಾಲ ಹಚ್ಚುತ್ತಾರೆ, ಅದರ ಅಗತ್ಯವಿಲ್ಲ. ಕಾಡಿನ ಬಗ್ಗೆ, ಬೆಳೆಯ ಬಗ್ಗೆ, ಹಬ್ಬದ ಅಡುಗೆಯ ಬಗ್ಗೆ ಹೇಳುವಾಗ ವೈವಿಧ್ಯ ಚೆಂದದ ಪದ. ಆದರೆ ಆರು ಜನ ಕೂತು ಕೆಲಸ ಮಾಡುವ ತಂಡದ ವಿಷಯಕ್ಕೆ ಬಂದರೆ ಈ ಒಂದೇ ಪದ ಮೂರು ಬೇರೆ ಬೇರೆ ಸಂಗತಿಗಳನ್ನು ಮುಚ್ಚಿಹಾಕುತ್ತದೆ.

ಇಂಗ್ಲಿಷಿನಲ್ಲೂ ಹೀಗೇ ಆಗಿತ್ತು. 2007ರಲ್ಲಿ ಡೇವಿಡ್ ಹ್ಯಾರಿಸನ್ ಮತ್ತು ಕ್ಯಾಥರೀನ್ ಕ್ಲೈನ್ ಒಂದು ಲೇಖನ ಬರೆದು, ಡೈವರ್ಸಿಟಿ ಅನ್ನುವ ಹೆಸರಿನ ಕೆಳಗೆ ಮೂರು ಸಂಗತಿ ಕಲಸಿಹೋಗಿವೆ, ಅವನ್ನು ಬಿಡಿಸಿ ನೋಡಬೇಕು ಅಂದರು. ಅವರು ಕೊಟ್ಟ ಹೆಸರು ವೆರೈಟಿ, ಸೆಪರೇಶನ್, ಡಿಸ್ಪ್ಯಾರಿಟಿ. ಕನ್ನಡದಲ್ಲಿ ನನಗೆ ಬೇಕಾಗಿರುವುದು ಈ ಮೂರೂ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರು ಜನರ ತಂಡ. ಒಬ್ಬರಿಗೆ ಕಟಿಂಗ್ ಗೊತ್ತು, ಒಬ್ಬರು ಕಾಲರ್ ಹೊಲಿಯುವುದರಲ್ಲಿ ಪಳಗಿದವರು, ಒಬ್ಬರು ಮೆಷಿನ್ ರಿಪೇರಿಯವರು, ಇನ್ನೊಬ್ಬರು ಚೆಕಿಂಗ್, ಮತ್ತೊಬ್ಬರು ಇಸ್ತ್ರಿ, ಕೊನೆಯವರು ಪ್ಯಾಕಿಂಗ್. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇದು ವೆರೈಟಿ. ಇದು ಅತಿ ಹೆಚ್ಚು ಇರುವುದು ಆರೂ ಜನ ಆರು ಥರ ಇದ್ದಾಗ.

ಈಗ ಇದೇ ಆರು ಜನರನ್ನು ಒಂದು ಮಾತು ಕೇಳಿ. ಭಾನುವಾರ ಓವರ್‌ಟೈಮ್ ಮಾಡಬೇಕಾ ಬೇಡವಾ? ಮೂವರು ಬೇಕೇ ಬೇಕು ಅಂತಾರೆ, ಮೂವರು ಸುತರಾಂ ಬೇಡ ಅಂತಾರೆ. ಇದು ಸೆಪರೇಶನ್. ಇಲ್ಲಿ ಆರು ಥರ ಇಲ್ಲ, ಎರಡೇ ಥರ. ಆದರೂ ಸೆಪರೇಶನ್ ಇದಕ್ಕಿಂತ ಜಾಸ್ತಿ ಆಗಲು ಸಾಧ್ಯವಿಲ್ಲ, ಯಾಕಂದ್ರೆ ತಂಡ ಸರಿಯಾಗಿ ನಡುವೆ ಒಡೆದು ಎರಡು ತುದಿಗೆ ಹೋಗಿದೆ.

ಮೂರನೆಯದು ಸಂಬಳ. ಒಬ್ಬರು ಕಾಯಂ, ಒಳ್ಳೆ ಸಂಬಳ, ಅವರ ಮಾತಿಗೇ ಬೆಲೆ. ಉಳಿದ ಐವರು ಗುತ್ತಿಗೆಯವರು. ಇದು ಡಿಸ್ಪ್ಯಾರಿಟಿ. ಒಬ್ಬರ ಕೈಯಲ್ಲೇ ಎಲ್ಲ ಇದ್ದು ಉಳಿದವರ ಕೈ ಬರಿದಾಗಿದ್ದರೆ ಇದು ಅತಿ ಹೆಚ್ಚು.

ಮೂರಕ್ಕೂ ‘ವೈವಿಧ್ಯ’ ಅಂತಲೇ ಬರೆದು, ವೈವಿಧ್ಯ ಹೆಚ್ಚಾದರೆ ತಂಡಕ್ಕೆ ಒಳ್ಳೆಯದಾ ಅಂತ ಕೇಳಿದರೆ ಉತ್ತರ ಹೇಗೆ ಹೇಳುವುದು? ಮೊದಲನೆಯದರಿಂದ ತಂಡಕ್ಕೆ ಹೊಸ ತಿಳಿವಳಿಕೆ ಬರಬಹುದು. ಎರಡನೆಯದರಿಂದ ಜಗಳ ಬರಬಹುದು. ಮೂರನೆಯದರಿಂದ ಐದು ಜನರ ಬಾಯಿ ಕಟ್ಟಿಹೋಗಬಹುದು. ಅದೇ 2007ರಲ್ಲಿ ಹಾರ್ವಿಟ್ಸ್ ಅನ್ನುವ ಇಬ್ಬರು ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಕೆಲಸಕ್ಕೆ ಸಂಬಂಧಪಟ್ಟ ವ್ಯತ್ಯಾಸ, ಅಂದರೆ ಕಸುಬು, ಓದು, ಅನುಭವದ ವ್ಯತ್ಯಾಸ, ತಂಡದ ಸಾಧನೆಗೆ ಅನುಕೂಲವಾಗಿ ಕಂಡಿತು. ವಯಸ್ಸು, ಲಿಂಗ, ಜನಾಂಗದ ವ್ಯತ್ಯಾಸಕ್ಕೂ ಸಾಧನೆಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಇದನ್ನು ‘ವೈವಿಧ್ಯ’ದ ಒಂದೇ ಗೋಣಿಚೀಲಕ್ಕೆ ತುಂಬಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ವೆರೈಟಿಗೆ ‘ಬಗೆ’ ಅಂತ ಇಟ್ಟುಕೊಂಡಿದ್ದೇನೆ. ತಂಡದಲ್ಲಿ ಎಷ್ಟು ಬಗೆಯ ಕಸುಬುದಾರರಿದ್ದಾರೆ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಭಾವನಾಮ ಬೇಕಾದಾಗ ‘ಬಗೆಬಗೆತನ’ ಆಗಬಹುದಾ? ಸೆಪರೇಶನ್‌ಗೆ ‘ಅಂತರ’ ಅಂದುಕೊಂಡಿದ್ದೆ. ‘ಅಭಿಪ್ರಾಯದ ಅಂತರ’ ಅಂದರೆ ಸರಿಹೋಗುತ್ತದೆ. ಬಿಡಿಯಾಗಿ ‘ಅಂತರ’ ಅಂದರೆ ಮಾತ್ರ ದೂರ ಅನ್ನುವ ಅರ್ಥವೇ ಮುಂದೆ ಬರುತ್ತದೆ.

ನಿಜವಾದ ಕಷ್ಟ ಮೂರನೆಯದು. ಡಿಸ್ಪ್ಯಾರಿಟಿಗೆ ಹೇಳಿ ಮಾಡಿಸಿದಂಥ ಪದ ನಮ್ಮಲ್ಲಿ ಇತ್ತು, ‘ತಾರತಮ್ಯ’. ತರ, ತಮ ಎರಡೂ ಸಂಸ್ಕೃತದ ಪ್ರತ್ಯಯಗಳು. ಶಾಲೆಯಲ್ಲಿ ಲ.ಸಾ.ಅ. ಕಲಿಯುವಾಗ ‘ಲಘುತಮ’ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ‘ತಮ’. ಒಂದಕ್ಕಿಂತ ಒಂದು ಹೆಚ್ಚು, ಎಲ್ಲಕ್ಕಿಂತ ಹೆಚ್ಚು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇರುವುದೇ ತಾರತಮ್ಯ. ಮಧ್ವಮತದ ಗ್ರಂಥಗಳಲ್ಲಿ ಇಂದಿಗೂ ಈ ಪದಕ್ಕೆ ಮೆಟ್ಟಿಲುಗಳ ಅರ್ಥವೇ ಇದೆ. ಆದರೆ ಪತ್ರಿಕೆಯ ಕನ್ನಡದಲ್ಲಿ ತಾರತಮ್ಯ ಅಂದರೆ ಭೇದಭಾವ ಮಾಡುವುದು, ಅನ್ಯಾಯ ಮಾಡುವುದು. ‘ತಂಡದಲ್ಲಿ ತಾರತಮ್ಯ ಇದೆ’ ಅಂತ ಬರೆದರೆ ಸೂಪರ್‌ವೈಸರ್ ಮೇಲೆ ದೂರು ಕೊಟ್ಟ ಹಾಗಾಗುತ್ತದೆ. ಸಂಶೋಧಕರ ಮಾತು ಅದಲ್ಲ. ಮೆಟ್ಟಿಲು ಇದೆ ಅಂತಷ್ಟೇ ಅವರು ಹೇಳುತ್ತಾರೆ. ಅದು ನ್ಯಾಯವೋ ಅನ್ಯಾಯವೋ ಅನ್ನುವುದು ಬೇರೆ ಪ್ರಶ್ನೆ. ‘ಮೇಲುಕೀಳು’ ಅಂದರೆ ಜಾತಿಯ ವಾಸನೆ ಬರುತ್ತದೆ. ‘ಹೆಚ್ಚುಕಡಿಮೆ’ ಅಂದರೆ ಸುಮಾರು ಅಂತಲೋ, ಏನೋ ಅನಾಹುತ ಆಯ್ತು ಅಂತಲೋ ಅರ್ಥ. ‘ಏಣಿ’ ಅನ್ನಬಹುದಾ ಅಂತ ಯೋಚಿಸುತ್ತಿದ್ದೇನೆ. ‘ಸಂಬಳದ ಏಣಿ ಎತ್ತರವಿದ್ದಷ್ಟೂ ಕೆಳಗಿನವರು ಮಾತಾಡುವುದು ಕಡಿಮೆ’ ಅನ್ನುವ ಥರದ ವಾಕ್ಯಕ್ಕೆ ಅದು ಒಗ್ಗುತ್ತದೆ. ನಿಮಗೆ ಬೇರೆ ಏನಾದರೂ ಹೊಳೆದರೆ ದಯವಿಟ್ಟು ಹೇಳಿ.

ಎರಡನೆಯ ಪದ ಫಾಲ್ಟ್‌ಲೈನ್, ಅಂದರೆ ನೆಲದಡಿಯ ಬಂಡೆಗಳು ಒಡೆದು ಜರುಗುವ ಗೆರೆ. ಡೋರಾ ಲಾವ್ ಮತ್ತು ಕೀತ್ ಮರ್ನಿಗನ್ 1998ರಲ್ಲಿ ಇದನ್ನು ಭೂವಿಜ್ಞಾನದಿಂದ ತಂದು ತಂಡಕ್ಕೆ ಹಚ್ಚಿದರು. ನಾಲ್ಕು ಜನರಿದ್ದಾರೆ ಅನ್ನಿ. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಗಂಡಸರಿಬ್ಬರೂ ವಯಸ್ಸಾದವರು, ಇಬ್ಬರೂ ಮಂಡ್ಯ ಕಡೆಯವರು, ಇಬ್ಬರೂ ಮೆಕ್ಯಾನಿಕ್. ಹೆಂಗಸರಿಬ್ಬರೂ ಚಿಕ್ಕವರು, ಒಡಿಶಾದಿಂದ ಬಂದವರು, ಟೈಲರ್‌ಗಳು. ವಯಸ್ಸಿನ ಗೆರೆ, ಊರಿನ ಗೆರೆ, ಭಾಷೆಯ ಗೆರೆ, ಕೆಲಸದ ಗೆರೆ ಎಲ್ಲ ಒಂದೇ ಜಾಗದಲ್ಲಿ ಹಾದುಹೋಗಿವೆ. ಹೊರಗೆ ಏನೂ ಕಾಣುವುದಿಲ್ಲ. ಒತ್ತಡ ಬಿದ್ದ ದಿನ ತಂಡ ಅಲ್ಲೇ ಒಡೆಯುತ್ತದೆ. ಮೆಕ್ಯಾನಿಕ್ ಒಬ್ಬರು ಒಡಿಶಾದ ಹುಡುಗಿಯಾಗಿದ್ದು, ಟೈಲರ್ ಒಬ್ಬರು ಮಂಡ್ಯದವರಾಗಿದ್ದರೆ ಗೆರೆಗಳು ಅಡ್ಡಾದಿಡ್ಡಿಯಾಗಿ, ಅಷ್ಟು ಸುಲಭವಾಗಿ ಒಡೆಯುತ್ತಿರಲಿಲ್ಲ.

ಭೂಗೋಳದ ಪುಸ್ತಕದಲ್ಲಿ ಫಾಲ್ಟ್‌ಗೆ ‘ಸ್ತರಭಂಗ’ ಅಂತಿದೆ. ಬಂಡೆಗೆ ಸರಿ, ತಂಡಕ್ಕೆ ಭಾರವಾಯಿತು. ‘ಬಿರುಕು’ ಹಗುರವಾದ ಪದ, ಆದರೆ ಬಿರುಕು ಅಂದರೆ ಈಗಾಗಲೇ ಬಿಟ್ಟಿರುವುದು, ಕಣ್ಣಿಗೆ ಕಾಣುವುದು. ಫಾಲ್ಟ್‌ಲೈನ್ ಇನ್ನೂ ಬಿಟ್ಟಿಲ್ಲ. ನಾನು ‘ಸೀಳುಗೆರೆ’ ಅಂತ ಬರೆದುಕೊಂಡಿದ್ದೆ. ಹೋದ ತಿಂಗಳು ಒಂದು ಫ್ಯಾಕ್ಟರಿಯಲ್ಲಿ ಊಟದ ಹೊತ್ತಿನಲ್ಲಿ ಹಿರಿಯ ಟೈಲರ್ ಒಬ್ಬರಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಅವರು ಕೈಯಲ್ಲಿದ್ದ ಟಿಫಿನ್ ಬಾಕ್ಸ್ ಕೆಳಗಿಟ್ಟು, ತಮ್ಮ ಏಪ್ರನ್ನಿನ ಜೇಬನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ತೋರಿಸಿದರು. “ಮೇಡಂ, ಬಟ್ಟೆ ಸುಮ್ನೆ ಎಲ್ಲಂದ್ರಲ್ಲಿ ಹರಿಯಲ್ಲ. ಎಳೆದ್ರೆ ಹೊಲಿಗೆ ಇರೋ ಕಡೆನೇ ಬಿಟ್ಕೊಳ್ಳೋದು.” ‘ಹೊಲಿಗೆ ಬಿಡುವುದು’ ಎಷ್ಟು ಸರಿಯಾದ ಮಾತು ನೋಡಿ. ಎರಡು ತುಂಡು ಕೂಡುವ ಜಾಗವೂ ಅದೇ, ಬಿಡುವ ಜಾಗವೂ ಅದೇ. ಕೈಪಿಡಿಯಲ್ಲಿ ‘ತಂಡದ ಹೊಲಿಗೆ’ ಅಂತ ಬಳಸಿ, ಬಲವಾದ ಫಾಲ್ಟ್‌ಲೈನ್ ಇರುವ ಕಡೆ ‘ಒಂದೇ ಗೆರೆಯಲ್ಲಿ ಬಿದ್ದ ಹೊಲಿಗೆ’ ಅಂತ ಬರೆಯಲಾ? ಗಾರ್ಮೆಂಟ್ಸ್‌ನ ಆಚೆಗೂ ಇದು ಓಡುತ್ತದಾ, ಅಥವಾ ‘ಸೀಳುಗೆರೆ’ಯೇ ವಾಸಿಯಾ?

ಇನ್ನು ಕಮ್ಯುನಿಕೇಶನ್. ‘ಸಂವಹನ’ ಅನ್ನುವುದಕ್ಕೆ ನನ್ನ ತಕರಾರಿಲ್ಲ, ಕಾಲೇಜುಗಳಲ್ಲಿ ಅದು ನೆಲೆಯೂರಿದೆ. ನನ್ನನ್ನು ಕಾಡಿದ್ದು ‘ಶೇರ್ಡ್ ಇನ್ಫರ್ಮೇಶನ್’ ಅನ್ನುವ ಜೋಡಿಪದ. 1985ರಲ್ಲಿ ಗೆರಾಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಒಂದು ಪ್ರಯೋಗ ಮಾಡಿದರು. ನಾಲ್ಕು ಜನರ ಗುಂಪು, ವಿದ್ಯಾರ್ಥಿ ಸಂಘದ ಅಧ್ಯಕ್ಷರನ್ನು ಆರಿಸಬೇಕು. ಅಭ್ಯರ್ಥಿಗಳ ಬಗ್ಗೆ ಕೆಲವು ವಿಷಯ ನಾಲ್ವರಿಗೂ ಗೊತ್ತು. ಕೆಲವು ವಿಷಯ ಒಬ್ಬೊಬ್ಬರಿಗೆ ಮಾತ್ರ ಗೊತ್ತು. ಎಲ್ಲವನ್ನೂ ಸೇರಿಸಿ ನೋಡಿದರೆ ಒಬ್ಬ ಅಭ್ಯರ್ಥಿಯೇ ಮೇಲು. ಆದರೆ ಗುಂಪುಗಳು ಬಹುಪಾಲು ಎಲ್ಲರಿಗೂ ಗೊತ್ತಿದ್ದನ್ನೇ ಮತ್ತೆ ಮತ್ತೆ ಮಾತಾಡಿದವು. ಒಬ್ಬರಿಗೇ ಗೊತ್ತಿದ್ದದ್ದು ಮೇಜಿನ ಮೇಲೆ ಬಂದದ್ದು ಕಡಿಮೆ. ಹೆಚ್ಚಿನ ಗುಂಪುಗಳ ಆಯ್ಕೆ ತಪ್ಪಿತು.

ಎಲ್ಲರಿಗೂ ಗೊತ್ತಿರುವುದಕ್ಕೆ ಇಂಗ್ಲಿಷಿನಲ್ಲಿ ಶೇರ್ಡ್ ಅಂತಾರೆ. ಅದನ್ನು ‘ಹಂಚಿಕೊಂಡ ಮಾಹಿತಿ’ ಅಂತ ಕನ್ನಡ ಮಾಡಿದ್ದನ್ನು ಎರಡು ಕಡೆ ಓದಿದೆ. ಇಲ್ಲಿ ಅರ್ಥ ತಲೆಕೆಳಗಾಗಿದೆ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡರು ಅಂದರೆ ಏನು? ಒಬ್ಬರಿಗೆ ಗದ್ದೆ ಹೋಯಿತು, ಇನ್ನೊಬ್ಬರಿಗೆ ತೋಟ ಹೋಯಿತು. ‘ಹಂಚು’ ಅಂದರೆ ನಮಗೆ ಮೊದಲು ಪಾಲು ಮಾಡುವುದು. ಹಾಗಾಗಿ ‘ಹಂಚಿಕೊಂಡ ಮಾಹಿತಿ’ ಅಂದಾಗ ಓದುವವರ ಮನಸ್ಸಿಗೆ ಬರುವುದು ಒಬ್ಬೊಬ್ಬರ ಬಳಿ ಒಂದೊಂದು ತುಂಡು ಇರುವ ಚಿತ್ರ. ಇಂಗ್ಲಿಷಿನಲ್ಲಿ ಅದು ಅನ್‌ಶೇರ್ಡ್! ನಾನು ‘ಎಲ್ಲರಿಗೂ ಗೊತ್ತಿರುವ ವಿಷಯ’, ‘ಒಬ್ಬರಿಗೇ ಗೊತ್ತಿರುವ ವಿಷಯ’ ಅಂತ ಉದ್ದವಾಗಿಯೇ ಬರೆಯುತ್ತಿದ್ದೇನೆ. ಉದ್ದವಾದರೂ ತಪ್ಪಿಲ್ಲ. ಈ ಪ್ರಯೋಗದಲ್ಲಿದ್ದಂಥ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಹಿಡನ್ ಪ್ರೊಫೈಲ್’ ಅಂತಾರೆ, ಅದಕ್ಕೆ ‘ಹಂಚಿಹೋದ ಚಿತ್ರ’ ಅಂದುಕೊಂಡಿದ್ದೇನೆ. ಯಾರೂ ಏನನ್ನೂ ಬಚ್ಚಿಟ್ಟಿಲ್ಲ, ಚಿತ್ರ ತುಂಡುತುಂಡಾಗಿ ಹಂಚಿಹೋಗಿದೆ, ಅಷ್ಟೇ ಅಲ್ವಾ?

ನನಗೆ ಹೆಚ್ಚು ನೋವು ಕೊಟ್ಟದ್ದು ‘ಸೈಕಲಾಜಿಕಲ್ ಸೇಫ್ಟಿ’, ಅಂದರೆ ತಪ್ಪು ಒಪ್ಪಿಕೊಂಡರೂ ಪ್ರಶ್ನೆ ಕೇಳಿದರೂ ಈ ತಂಡದಲ್ಲಿ ತೊಂದರೆಯಾಗುವುದಿಲ್ಲ ಅನ್ನುವ ನಂಬಿಕೆ. ಏಮಿ ಎಡ್ಮಂಡ್ಸನ್ 1999ರಲ್ಲಿ ಒಂದು ಪೀಠೋಪಕರಣ ಕಂಪನಿಯ 51 ತಂಡಗಳನ್ನು ಅಧ್ಯಯನ ಮಾಡಿ ಇದನ್ನು ವಿವರಿಸಿದರು. ಅದಕ್ಕೂ ಮುಂಚೆ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೋಗಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಹುಡುಕಿದರೆ, ಅಲ್ಲೇ ಜಾಸ್ತಿ ದಾಖಲಾಗಿತ್ತು. ಅಲ್ಲಿ ಜನ ಹೆದರದೆ ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಅನ್ನುವುದು ಅವರಿಗೆ ಹೊಳೆದದ್ದು ಹಾಗೆ.

ಮೂರು ವರ್ಷದ ಹಿಂದೆ ಒಂದು ಸಂಸ್ಥೆಗೆ ಕಾರ್ಮಿಕರ ಪ್ರಶ್ನಾವಳಿ ಅನುವಾದ ಮಾಡಿಕೊಟ್ಟಿದ್ದೆ. ಅವರ ಪಟ್ಟಿಯಲ್ಲಿದ್ದ ಹಾಗೆ ‘ಮಾನಸಿಕ ಸುರಕ್ಷತೆ’ ಅಂತ ತಲೆಬರಹ ಹಾಕಿದ್ದೆ. ಅದನ್ನು ನೋಡಿದ ಹೆಣ್ಣುಮಗಳೊಬ್ಬಳು ಕಾಗದವನ್ನು ಹಾಗೇ ಮಡಚಿ ವಾಪಸ್ ಕೊಟ್ಟಳು. “ನನಗೇನೂ ಆಗಿಲ್ಲ ಮೇಡಂ, ಚೆನ್ನಾಗೇ ಇದೀನಿ” ಅಂದಳು. ‘ಮಾನಸಿಕ’ ಅಂದರೆ ಅವಳಿಗೆ ಕಾಯಿಲೆ. ಅವಳು ಕೇಳಿಸಿಕೊಂಡಿದ್ದು ಸರಿಯಾಗಿಯೇ ಇತ್ತು, ತಪ್ಪು ಆ ತಲೆಬರಹದ್ದು.

ಎಡ್ಮಂಡ್ಸನ್ ಅವರ ಪ್ರಶ್ನಾವಳಿಯಲ್ಲಿ ಏಳು ವಾಕ್ಯಗಳಿವೆ. ಮೊದಲನೆಯದರ ಸಾರ ಇಷ್ಟು: ಈ ತಂಡದಲ್ಲಿ ನೀವು ತಪ್ಪು ಮಾಡಿದರೆ ಅದನ್ನು ಮರೆಯದೆ ನಿಮ್ಮ ಮೇಲೆ ಹೊರಿಸುತ್ತಿರುತ್ತಾರೆ. ಸಂಸ್ಥೆಯವರ ಮೊದಲ ಅನುವಾದದಲ್ಲಿ ‘ನಿಮ್ಮ ವಿರುದ್ಧ ಹಿಡಿಯಲಾಗುತ್ತದೆ’ ಅಂತಿತ್ತು. ನಾನು ‘ಅದನ್ನೇ ಎತ್ತಿ ಆಡುತ್ತಾರೆ’ ಅಂತ ಬದಲಾಯಿಸಿದೆ. ಓದಿ ಹೇಳಿದ ಕೂಡಲೇ ಲೈನಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಆದರೆ ಪರೀಕ್ಷೆಯಲ್ಲಿ ನನ್ನ ವಾಕ್ಯ ಬಿದ್ದುಹೋಯಿತು. ಈ ಕ್ಷೇತ್ರದಲ್ಲಿ ಒಂದು ಪದ್ಧತಿ ಇದೆ. ಕನ್ನಡಕ್ಕೆ ತಂದದ್ದನ್ನು ಇನ್ನೊಬ್ಬರು ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ಮಾಡಬೇಕು, ಎರಡೂ ಹೋಲಿಕೆಯಾಗಬೇಕು. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಇದರ ಬಗ್ಗೆ ಬರೆದ ಮೇಲೆ ಎಲ್ಲ ಕಡೆ ಬಳಕೆಗೆ ಬಂತು. ‘ವಿರುದ್ಧ ಹಿಡಿಯಲಾಗುತ್ತದೆ’ ಇಂಗ್ಲಿಷಿಗೆ ಹೋದರೆ ಅಚ್ಚುಕಟ್ಟಾಗಿ ಮೂಲಕ್ಕೇ ಸೇರುತ್ತದೆ. ‘ಎತ್ತಿ ಆಡುತ್ತಾರೆ’ ಸೇರುವುದಿಲ್ಲ. ಅಂದರೆ ಈ ಪದ್ಧತಿಯನ್ನು ಕಣ್ಣುಮುಚ್ಚಿ ಬಳಸಿದರೆ ಕೆಟ್ಟ ಕನ್ನಡಕ್ಕೆ ಪೂರ್ತಿ ಅಂಕ ಸಿಗುತ್ತದೆ. ಅನುವಾದದ ಕೆಲಸದಲ್ಲಿರುವವರು ಇದನ್ನು ಗಟ್ಟಿಯಾಗಿ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ. ತಲೆಬರಹಕ್ಕೆ ಸದ್ಯಕ್ಕೆ ‘ಹೆದರದೆ ಮಾತಾಡುವ ವಾತಾವರಣ’ ಅಂತ ಇಟ್ಟಿದ್ದೇನೆ. ಎರಡೇ ಪದದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಕೆಲಸಕ್ಕೆ ಜನರನ್ನು ಆರಿಸುವಾಗ ಬರುವ ಪದಗಳನ್ನು ಬೇಗ ಮುಗಿಸುತ್ತೇನೆ. ಅಳೆಯಬೇಕಾದ್ದನ್ನೇ ಸರಿಯಾಗಿ ಅಳೆಯುವುದು ‘ವ್ಯಾಲಿಡಿಟಿ’, ಅದಕ್ಕೆ ‘ಸಿಂಧುತ್ವ’ ಅಂತ ಬರೆಯುತ್ತಾರೆ. ಜನರಿಗೆ ಗೊತ್ತಿರುವುದು ಅಸಿಂಧು ಮತ, ಸಿಂಧುತ್ವ ಪ್ರಮಾಣಪತ್ರ. ‘ಈ ಸಂದರ್ಶನಕ್ಕೆ ಸಿಂಧುತ್ವ ಕಡಿಮೆ’ ಅಂದರೆ ಕೋರ್ಟು ರದ್ದು ಮಾಡಿತೇನೋ ಅಂದುಕೊಳ್ಳುತ್ತಾರೆ. ಎಷ್ಟು ಸಲ ಅಳೆದರೂ ಒಂದೇ ಉತ್ತರ ಬರುವುದು ‘ರಿಲಯಬಿಲಿಟಿ’, ಅದಕ್ಕೆ ‘ವಿಶ್ವಾಸಾರ್ಹತೆ’ ಅಂದರೆ ನಂಬಿಗಸ್ತ ಮನುಷ್ಯ ನೆನಪಾಗುತ್ತಾನೆ. ನಾನು ತಳ ನಗ್ಗಿದ ಸೇರಿನ ಉದಾಹರಣೆ ಕೊಡುತ್ತಿದ್ದೇನೆ. ಅದರಲ್ಲಿ ಹತ್ತು ಸಲ ಅಕ್ಕಿ ಅಳೆದರೂ ಹತ್ತು ಸಲವೂ ಒಂದೇ ಅಳತೆ, ಹತ್ತು ಸಲವೂ ಕಡಿಮೆ. ಅಳತೆ ಬದಲಾಗುತ್ತಿಲ್ಲ, ಆದರೆ ಸರಿಯಿಲ್ಲ. ರಿಲಯಬಿಲಿಟಿಗೆ ‘ಒಂದೇ ಅಳತೆ’, ವ್ಯಾಲಿಡಿಟಿಗೆ ‘ಸರಿಯಳತೆ’ ಅಂತ ಎರಡು ಪದ ಮಾಡಿಕೊಂಡರೆ ಹೇಗೆ?

‘ಸ್ಟ್ರಕ್ಚರ್ಡ್ ಇಂಟರ್‌ವ್ಯೂ’ಗೂ ಇದೇ ದಾರಿ ಹಿಡಿಯಬಹುದು. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಅದೇ ಅಂಕದ ಪಟ್ಟಿ. ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಇದು ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತದೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಹಳೆಯ ಅಧ್ಯಯನಗಳನ್ನು ಕಲೆಹಾಕಿ ಲೆಕ್ಕ ಹಾಕಿದಾಗ ಒಂದೇ ಪ್ರಶ್ನೆಯ ಸಂದರ್ಶನಕ್ಕೆ 0.51, ಮನಸ್ಸಿಗೆ ಬಂದದ್ದು ಕೇಳುವುದಕ್ಕೆ 0.38 ಬಂತು (0 ಅಂದರೆ ಊಹೆಗೂ ಕೆಲಸಕ್ಕೂ ಸಂಬಂಧವಿಲ್ಲ, 1 ಅಂದರೆ ಊಹೆ ಪೂರ್ತಿ ಸರಿ). ಕೈಬರಹ ನೋಡಿ ಆರಿಸುವುದಕ್ಕೆ ಬಂದದ್ದು 0.02, ಅಂದರೆ ಏನೂ ಇಲ್ಲ. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕದ ಕ್ರಮವನ್ನು ಸರಿಪಡಿಸಿದಾಗ ಅಂಕಿಗಳು ಇಳಿದವು, ಆದರೂ 0.42ರೊಂದಿಗೆ ಈ ಸಂದರ್ಶನವೇ ಪಟ್ಟಿಯ ಮೇಲೆ ಬಂತು. ‘ಸಂರಚಿತ ಸಂದರ್ಶನ’ ಅನ್ನುವುದಕ್ಕಿಂತ ‘ಒಂದೇ ಅಳತೆಯ ಸಂದರ್ಶನ’ ಅಂದರೆ ವಿಷಯ ತಾನಾಗಿ ತಿಳಿಯುತ್ತದೆ.

ಅಡುಗೆಮನೆಯ ಕೆಲವು ಕ್ರಿಯಾಪದಗಳೂ ಇಲ್ಲಿ ಕೆಲಸಕ್ಕೆ ಬರುತ್ತವೆ. ನೂರು ಅರ್ಜಿಯನ್ನು ಇಪ್ಪತ್ತಕ್ಕೆ ಇಳಿಸುವುದು ಜರಡಿ ಹಿಡಿಯುವುದು. ಬೇಡದವರನ್ನು ಒಬ್ಬೊಬ್ಬರಾಗಿ ತೆಗೆಯುವುದು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಹೆಕ್ಕಿದ ಹಾಗೆ. ಬೇಕಾದವರನ್ನು ಎತ್ತಿಕೊಳ್ಳುವುದು ಸಂತೆಯಲ್ಲಿ ಮಾವಿನಹಣ್ಣು ಆರಿಸಿದ ಹಾಗೆ. ಇಂಗ್ಲಿಷಿನವರು ಸೆಲೆಕ್ಟ್ ಔಟ್, ಸೆಲೆಕ್ಟ್ ಇನ್ ಅಂತ ಒಂದೇ ಕ್ರಿಯಾಪದಕ್ಕೆ ಬಾಲ ಹಚ್ಚಿ ಹೇಳುವುದನ್ನು ನಾವು ‘ಹೆಕ್ಕು’, ‘ಆರಿಸು’ ಅಂತ ಬಿಡಿಯಾಗಿ ಹೇಳಬಹುದು.

ಈ ಸಂಶೋಧನೆಗಳ ಹಿಂದಿರುವ ಮನಶ್ಶಾಸ್ತ್ರ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದವರೂ ಅವರೇ. ಆ ಕೇಂದ್ರದ ‘ಆಕಾಶವಾಣಿ’ ಅನ್ನುವ ಹೆಸರು ಇಂದು ದೇಶಕ್ಕೆಲ್ಲ ಗೊತ್ತು.

ಕೊನೆಯದಾಗಿ ಒಂದು ಕೋರಿಕೆ. ‘ಎತ್ತಿ ಆಡು’ ಅನ್ನುವುದು ನಮ್ಮ ಮೈಸೂರು ಕಡೆ ಎಲ್ಲರಿಗೂ ಗೊತ್ತು. ಕೈಪಿಡಿ ಬಳ್ಳಾರಿಗೂ ಬೆಳಗಾವಿಗೂ ಹೋಗುತ್ತದೆ. ಹಳೆಯ ತಪ್ಪನ್ನು ಮತ್ತೆ ಮತ್ತೆ ಎತ್ತಿ ಚುಚ್ಚುವುದಕ್ಕೆ ಧಾರವಾಡ, ಕಲಬುರಗಿ, ಮಂಗಳೂರು ಕಡೆ ಮನೆಯಲ್ಲಿ ಏನಂತೀರಿ? ಅತ್ತೆ ಸೊಸೆಗೆ ಅನ್ನುವ ಹಾಗೆ, ನಿಮ್ಮ ಕಿವಿಗೆ ಬಿದ್ದ ಹಾಗೆಯೇ ಬರೆದು ಕಳಿಸಿ.