ಶ್ರೀಶೈಲ ಪಾದಯಾತ್ರೆಗೆ ಹಗುರ ಟಾರ್ಪ್ (ಟೆಂಟ್ ಬದಲಿ ಮ್ಯಾಲ ಕಟ್ಟೋ ಬಟ್ಟಿ), ಬ್ಯಾಗ್ ಮನ್ಯಾಗೇ ಹೊಲಿಬೇಕಂತೀನಿ, ಬಟ್ಟಿ ಯಾವ್ದು ತಗೋಳ್ಳಿ?

ಗುಲ್ಬರ್ಗಾ_ನಡಿಗಿ:
ಶರಣು ರೀ ಎಲ್ಲರಿಗೂ. ಯುಗಾದಿಗೆ ನಮ್ಮ ಓಣಿ ಮಂದಿ ಜೊತಿ ಶ್ರೀಶೈಲಕ್ಕ ನಡ್ಕೊಂಡು ಹೊಂಟೀನಿ, ಕಾಕಾನೂ ಬರ್ತಾರ, ಅವರಿಗೆ ಮೊಣಕಾಲ್ ಬ್ಯಾನಿ ಅದ ಅದ್ಕ ಇಬ್ಬರ ಸಾಮಾನೂ ನಾನೇ ಹೊರಬೇಕು. ನಂಬಲ್ಲಿ ಇರೋ ರೆಡಿಮೇಡ್ ಟೆಂಟ್ ಮೂರುವರಿ ಕೆಜಿ, ಬ್ಯಾಗ್ ಖಾಲಿ ಇದ್ದಾಗೇ ಎರಡು ಕೆಜಿ, ಇನ್ನಾ ಹಾಸಿಗಿ ಇಲ್ಲ ನೀರಿಲ್ಲ. ಅವ್ವನ ಹೊಲಿಗಿ ಮಷಿನ್ ಅದ, ಪ್ಯಾಂಟ್ ಆಲ್ಟರ್ ಮಾಡೋ ಅಷ್ಟು ಬರ್ತದ. ರಾಶಿ ಮ್ಯಾಲ ಹೊಚ್ಚೋ ತಾಡಪತ್ರಿ ಕತ್ತರಿಸಿ ಟಾರ್ಪ್ ಮಾಡಿದ್ರ ನಡೀತದೇನು, ಇಲ್ಲಾ ಸಿಲ್‌ನೈಲಾನ್ ಅಂತಾರಲ್ಲ, ಸಿಲಿಕಾನ್ ಹಚ್ಚಿದ ತೆಳ್ಳನ ನೈಲಾನ್, ಅದೇ ಬೇಕಾ? ಹೊಲಿಗಿ ತೂತಿನಾಗಿಂದ ನೀರು ಇಳೀಬಾರದಂದ್ರ ಏನ್ ಮಾಡ್ಬೇಕು? ಕೂಲ್‌ಡ್ರಿಂಕ್ ಡಬ್ಬಿದು ಸ್ಪಿರಿಟ್ ಒಲಿನೂ ಮಾಡ್ಕೋಬೇಕಂತೀನಿ. ಮಾಡಿದವರು ಇದ್ರ ಹೇಳ್ರಿ.

ಬೀದರ್_ಮಷಿನ್:
ತಮ್ಮಾ, ನಾ ಬ್ಯಾಗ್ ರಿಪೇರಿ ಮಾಡಾಂವ, ಟಾರ್ಪೂ ಹೊಲ್ದು ಕೊಟ್ಟೀನಿ, ಅದ್ಕ ಜರಾ ಉದ್ದ ಬರೀತೀನಿ. ಮೊದ್ಲು ಲೆಕ್ಕ ನೋಡು. ಇಬ್ಬರಿಗೆ 3 ಮೀಟರ್ ಬೈ 3 ಮೀಟರ್ ಸಾಕು, ಅಂದ್ರ 9 ಚದರ ಮೀಟರ್. ತಾಡಪತ್ರಿ ತೆಳ್ಳಂದು ಅಂದ್ರೂ 120 ಜಿಎಸ್‌ಎಮ್ (ಒಂದು ಚದರ ಮೀಟರ್ ಬಟ್ಟಿ ಎಷ್ಟು ಗ್ರಾಂ ಅನ್ನೋದು) ಹಿಡಿ, ಒಂದು ಕೆಜಿ ದಾಟ್ತದ, ಮಡಚಿದ್ರ ಬ್ಯಾಗಿನಾಗ ಅರ್ಧ ಜಾಗಾ ಅದೇ ತಿಂತದ. ರೇನ್‌ಕೋಟ್ ಬಟ್ಟಿ, ಒಳಗ ಪಿಯು (ಪಾಲಿಯುರೆಥೇನ್) ಕೋಟಿಂಗ್, ಅಂದ್ರ ನೀರು ತಡಿಯೋ ಲೇಪ ಇರ್ತದಲ್ಲ, ಅದು 70 ಜಿಎಸ್‌ಎಮ್ ಸಿಕ್ರ 630 ಗ್ರಾಂ. ಸಿಲ್‌ನೈಲಾನ್ 45 ಜಿಎಸ್‌ಎಮ್ ಅಂದ್ರ ಬರೇ 400 ಗ್ರಾಂ ಚಿಲ್ಲರ. ಸಿಲ್‌ನೈಲಾನ್ ನಮ್ಮ ಊರ ಬಟ್ಟಿ ಅಂಗಡ್ಯಾಗ ಹುಡುಕ್ಕೋತ ತಿರಗಬ್ಯಾಡ, ಆನ್‌ಲೈನ್ ತರಿಸಬೇಕು. ರೊಕ್ಕ ಕಡಿಮಿ ಇದ್ರ ರೇನ್‌ಕೋಟ್ ಬಟ್ಟಿನೇ ತಗೋ, ನಿನ್ನ ಮೂರುವರಿ ಕೆಜಿ ಟೆಂಟ್ ಮುಂದ ಅದೂ ಹಗುರೇ.

ಐದು ಫೂಟ್ ಪನ್ನಾ ಇರೋದು 6 ಮೀಟರ್ ತಗೊಂಡು ಎರಡು ತುಂಡು ಮಾಡಿ ನಡುವ ಜೋಡಿಸು. ಆ ಜೋಡಣಿಗೆ ಜೀನ್ಸ್ ಪ್ಯಾಂಟಿನ ಕಾಲಿಗೆ ಇರ್ತದ ನೋಡು, ಎರಡೂ ಅಂಚು ಒಂದರಾಗೊಂದು ಮಡಚಿ ಡಬಲ್ ಹೊಲಿಗಿ, ಅದೇ ಹಾಕು. ಸೂಜಿ 11 ನಂಬರ್, ಹೊಸಾದು. ದಪ್ಪ ಸೂಜಿ ಹಾಕಿದ್ರ ದೊಡ್ಡ ತೂತು ಬೀಳ್ತದ. ದಾರ ಪಾಲಿಸ್ಟರ್ದು, ಕಾಟನ್ ದಾರ ನೀರು ಬಿಸಿಲಿಗೆ ಕೊಳೀತದ. ಹೊಲಿಗಿ ಭಾಳ ಸಣ್ಣ ಇಡಬ್ಯಾಡ, 3 ಎಮ್‌ಎಮ್ ಇಡು. ಬಟ್ಟಿ ಜಾರ್ತದ, ಆದ್ರ ಟಾಚಣಿ ಚುಚ್ಚಬ್ಯಾಡ, ಕಾಗದಕ್ಕ ಹಾಕೋ ಕ್ಲಿಪ್ ಹಾಕಿ ಹಿಡಿ. ಮೂಲಿಗೂ ಅಂಚಿಗೂ ಹಗ್ಗ ಕಟ್ಟೋ ಜಾಗಾದಾಗ ಅದೇ ಬಟ್ಟಿ ಇನ್ನೆರಡು ಪದರ ಇಟ್ಟು ಪಟ್ಟಿ ಹೊಲಿ, ಗಾಳಿಗೆ ಹರಿಯೋದು ಅಲ್ಲೇ.

ಇನ್ನ ನೀರಿಂದು. ಸಿಲಿಕಾನ್ ಬಟ್ಟಿಗೆ ಸಿಲಿಕಾನ್ ಬಿಟ್ರ ಬ್ಯಾರೆ ಏನೂ ಅಂಟಂಗಿಲ್ಲ. ಹಾರ್ಡ್‌ವೇರ್ ಅಂಗಡ್ಯಾಗ ಪಾರದರ್ಶಕ ಸಿಲಿಕಾನ್ ಸೀಲಂಟ್ ಸಿಗ್ತದ, ಅದನ್ನ ಪೇಂಟಿಗೆ ಹಾಕೋ ಮಿನರಲ್ ಟರ್ಪಂಟೈನ್ದಾಗ ಕಲಸಿ ತೆಳ್ಳಗ ಮಾಡಿ ಬ್ರಶ್ಶಿನಿಂದ ಹೊಲಿಗಿ ಮ್ಯಾಲ ಹಚ್ಚು, ಅಂಗಳದಾಗ ಹಚ್ಚು ವಾಸನಿ ಅದ, ಒಂದು ದಿನ ಒಣಗಲಿ, ಮ್ಯಾಲ ಜರಾ ಟಾಲ್ಕಂ ಪೌಡರ್ ಉದುರಿಸಿದ್ರ ಮಡಚಿದಾಗ ಒಂದಕ್ಕೊಂದು ಹತ್ತಂಗಿಲ್ಲ. ಪಿಯು ಬಟ್ಟಿ ತಗೊಂಡ್ರ ಇದು ನಡ್ಯಂಗಿಲ್ಲ, ಅದಕ್ಕ ಪಿಯು ಸೀಲರೇ ಬೇಕು.

ಚಿಂಚೋಳಿ_ಅಡವಿ:
ಒಲಿ ಮಾತ್ರ ಬಿಟ್ಟುಬಿಡ್ರಿ ಅಣ್ಣಾ, ಕೈ ಮುಗಿದು ಹೇಳ್ತೀನಿ. ಆತ್ಮಕೂರು ದಾಟಿ ವೆಂಕಟಾಪುರಂ, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ಹಿಡ್ಕೊಂಡು ಕೈಲಾಸ ದ್ವಾರದ ತನ ನಲ್ಲಮಲ ಅಡವಿ, ಹುಲಿ ರಕ್ಷಿತಾರಣ್ಯ ಅದು. ಯುಗಾದಿ ಹೊತ್ತಿಗೆ ಎಲಿ ಎಲ್ಲಾ ಉದುರಿ ನೆಲ ಒಣಗಿ ಕುಂತಿರ್ತದ. ಸ್ಪಿರಿಟ್ ಉರಿ ಹಗಲಿನ ಬಿಸಿಲಾಗ ಕಣ್ಣಿಗೇ ಕಾಣಂಗಿಲ್ಲ, ಡಬ್ಬಿ ಉಳ್ಳಿದ್ರ ಮುಗೀತು. ಅಡವಿ ಸುಟ್ರ ಮತ್ತ ಯಾರು ಬೆಳಸ್ತಾರ. ಮತ್ತ ಆ ದಾರ್ಯಾಗ ಭಕ್ತರು ದಾಸೋಹ ಇಟ್ಟಿರ್ತಾರ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡ್ರ ಒಲಿ ಯಾಕ ಬೇಕು? ಆ ತೂಕದಾಗ ನೀರು ಹೊರ್ರಿ, ಒಂದು ಲೀಟರ್ ಅಂದ್ರ ಒಂದು ಕೆಜಿ, ಅಲ್ಲಿ ಅದೇ ಮುಖ್ಯ.

ಗುಲ್ಬರ್ಗಾ_ನಡಿಗಿ:
ಖರೇ ಅದ, ಒಲಿ ಬಿಟ್ಟೆ. ಮಷಿನ್ ಅಣ್ಣಾವ್ರ ಭಾಳ ಉಪಕಾರ ಆಯ್ತು ರೀ. ಇನ್ನೊಂದು, ಮಧ್ಯಾಹ್ನ ನೆರಳಿಗೂ ಇದೇ ಟಾರ್ಪ್ ಆಗ್ತದೇನ್ರಿ? ಬ್ಯಾಗ್ ಹ್ಯಾಂಗ ಮಾಡ್ಲಿ? ಹೊಚ್ಗೊಳ್ಳಾಕ ಅಮ್ಮಾಯಿ ಹೊಲ್ದ ಕೌದಿ ಅದ, ಒಯ್ಯಲಾ?

ಶಹಾಪುರ_ಗುಡ್ಡ:
ನೆರಳಿಗೆ ಆಗಂಗಿಲ್ಲ ರೀ. ಬಟ್ಟಿ ತೆಳ್ಳಗ ಇರ್ತದ, ಬಿಸಿಲು ಒಳಗ ಬರ್ತದ, ಮತ್ತ ದಿನಾ ಬಿಸಿಲಿಗೆ ಹಿಡಿದ್ರ ನೈಲಾನ್ ಲಗೂನ ಬಲ ಕಳಕೊಂತದ. ಮಧ್ಯಾಹ್ನ ಬೇವಿನ ಗಿಡ ಹುಡುಕ್ರಿ, ಇಲ್ಲಾಂದ್ರ ಕಾಕಾನ ಬಿಳಿ ಧೋತರ ಎರಡು ಕೋಲಿಗೆ ಕಟ್ರಿ. ಟಾರ್ಪ್ ಇರೋದು ರಾತ್ರಿ ಅಡ್ಡಮಳಿ ಬಂದ್ರ. ಗುಡುಗು ಶುರು ಆದ್ರ ಮಾತ್ರ ಒಂಟಿ ಗಿಡದ ಬುಡಕ ಕಟ್ಟಬ್ಯಾಡ್ರಿ.

ಕಟ್ಟೋದ್ರಾಗ ಒಂದು ಮಾತು, ನಮ್ಮ ಶಹಾಪುರ ಗುಡ್ಡದಂಥ ಬಂಡಿ ಮ್ಯಾಲ ಗೂಟ ಇಳ್ಯಂಗೇ ಇಲ್ಲ, ಎರೀ ಹೊಲದಾಗ ಹಸಿ ಆದ ಮ್ಯಾಲ ಕಿತ್ಕೊಂಡು ಬರ್ತದ. ಅದ್ಕ ಗೂಟದ ಮ್ಯಾಲ ನಂಬಿಕಿ ಇಡಬ್ಯಾಡ್ರಿ, ಪ್ರತಿ ಮೂಲಿಗೆ ಎರಡು ಮೀಟರ್ ಹಗ್ಗ ಇಟ್ಟು ತುದಿ ದೊಡ್ಡ ಕಲ್ಲಿಗೆ ಸುತ್ರಿ. ನೈಲಾನ್ ಹಸಿ ಆದ್ರ ಸಡಲ್ ಆಗ್ತದ, ಮಲಗೋ ಮುಂದ ಇನ್ನೊಮ್ಮಿ ಜಗ್ಗಿ ಕಟ್ರಿ. ಬೆಟ್ಟದ ಗಾಳಿಗೆ ನಡುವಿನ ಜೋಡಣಿ ಪಟಪಟ ಬಡೀತದ, ಅದಕ್ಕೊಂದು ಉಪಾಯ ಅದ: ಗ್ವಾಡಿಗೆ 3 ಮೀಟರ್ ಅಂತರದಾಗ ಎರಡು ಮೊಳಿ ಹೊಡೆದು ಸಣ್ಣ ಸರಪಳಿ ಇಳಿಬಿಡ್ರಿ, ನಡುವ ಏಳೆಂಟು ಸೆಂಟಿಮೀಟರ್ ಬಾಗಲಿ, ಆ ಬಾಗು ಕಾಗದಕ್ಕ ಇಳಿಸಿ ಎರಡೂ ತುಂಡಿನ ನಡು ಅಂಚು ಹಂಗೇ ಕತ್ತರಿಸಿ ಹೊಲೀರಿ. ಜಗ್ಗಿ ಕಟ್ಟಿದ್ರ ಡೊಳ್ಳಿನ ಚರ್ಮದಂಗ ಬಿಗಿ ನಿಲ್ತದ.

ಕೌದಿ ಮನ್ಯಾಗ ಬಿಡ್ರಿ, ಹಳೀ ಸೀರಿ ಪದರ ಪದರ, ಭಾಳ ಭಾರ. ಆ ಹೊತ್ತಿನ್ಯಾಗ ಒಂದು ಚಾದರ ಸಾಕು. ಕೌದಿ ಹೊಲಿಯೋ ಅಮ್ಮಾಯಿಗೆ ಎರಡು ತೆಳ್ಳನ ನೈಲಾನ್ ನಡುವ ಪಾಲಿಸ್ಟರ್ ಹತ್ತಿ ಹಾಳಿ ಕೊಟ್ಟು ನೋಡ್ರಿ, ಡಿಸೆಂಬರ್ದಾಗ ಬೀದರ್ ಕಡಿ ಹೋದಾಗ ಹೊಚ್ಗೊಳ್ಳಾಕ ಬರ್ತದ, ಅವರ ಕೈ ಹೊಲಿಗಿ ಯಾವ ಮಷಿನ್‌ಗೂ ಬರಂಗಿಲ್ಲ.

ಬೀದರ್_ಮಷಿನ್:
ಬ್ಯಾಗಿಂದು ನಾ ಹೇಳ್ತೀನಿ. 1955ರಾಗ ಎಮ್ಮಾ ಗೇಟ್‌ವುಡ್ ಅಂತ 67 ವರ್ಷದ ಅಜ್ಜಿ ಅಮೆರಿಕಾದಾಗ ಅಪಲೇಚಿಯನ್ ಟ್ರೇಲ್ ಅನ್ನೋ ಉದ್ದನ ಬೆಟ್ಟದ ಕಾಲುದಾರಿ ಪೂರ್ತಿ ಒಬ್ಬಾಕಿನೇ ನಡದಾಳ, ಮೂರು ಸಾವಿರ ಕಿಲೋಮೀಟರ್ ಮ್ಯಾಲ, ತಾನೇ ಹೊಲ್ದ ಡೆನಿಮ್ ಚೀಲ ಹೆಗಲಿಗೆ ಹಾಕ್ಕೊಂಡು, ಮಳಿಗೆ ಬಾತ್‌ರೂಮ್ ಪರದೆ. ಅದ್ಕ ಫ್ರೇಮ್ ಇಲ್ಲದ 30-35 ಲೀಟರ್ ಚೀಲ ಹೊಲಿ. ಫೋಮ್ ಚಾಪಿ ಸುತ್ತಿ ಒಳಗ ಗೋಡಿಯಂಗ ನಿಲ್ಲಿಸಿ ಅದರ ನಡುವ ಸಾಮಾನು ತುಂಬು, ಅದೇ ಬೆನ್ನಿಗೆ ಆಸರಿ. ಹೆಗಲ ಪಟ್ಟಿ ಬುಡಕ ಚೌಕ ಹೊಲ್ದು ಒಳಗ ಅಡ್ಡಡ್ಡ ಹೊಲಿಗಿ ಹಾಕು, ಅಲ್ಲಿಗೆ 16 ನಂಬರ್ ಸೂಜಿ ಬೇಕು. ಎಂಟೊಂಬತ್ತು ಕೆಜಿ ಮ್ಯಾಲ ತುಂಬಬ್ಯಾಡ, ಫ್ರೇಮ್ ಇಲ್ಲಂದ್ರ ಪೂರಾ ಭಾರ ಹೆಗಲಿಗೆ ಬೀಳ್ತದ. ಹೊಲ್ದ ಮ್ಯಾಲ ಎಂಟು ಕೆಜಿ ಜೋಳ ತುಂಬಿ ರಾತ್ರಿ ಪೂರಾ ಮೊಳಿಗೆ ತೂಗು ಹಾಕು, ಎಲ್ಲಿ ಹೊಲಿಗಿ ಬಿಚ್ತದ ಮುಂಜಾನಿ ತಿಳೀತದ. ಪಟ್ಟಿ ಹೊಲಿಯೋದು ನಿಮ್ಮ ಅವ್ವನ ಮಷಿನ್ ತಡೀಲಿಲ್ಲಂದ್ರ ಊರಾಗ ಸ್ಕೂಲ್ ಬ್ಯಾಗ್ ಹೊಲಿಯೋರ ಹತ್ರ ಅಷ್ಟೇ ಹಾಕಿಸ್ಕೋ.